ಟೀವಿಯಲ್ಲಿ ನಗುವ ಮಗು ಬಾಲಕಾರ್ಮಿಕನಾ?

[ತೆರೆಯ ಮೇಲೆ: ಜಾಹೀರಾತು ಶೂಟಿಂಗ್ ಸೆಟ್, ದೊಡ್ಡ ಲೈಟುಗಳ ಮುಂದೆ ಪುಟ್ಟ ಕುರ್ಚಿ]

ನಮಸ್ಕಾರ. ಹತ್ತೇ ಸೆಕೆಂಡಿನ ಬಿಸ್ಕತ್ತು ಜಾಹೀರಾತು ಅಂದುಕೊಳ್ಳಿ. ಆರು ವರ್ಷದ ಮಗು ಬಿಸ್ಕತ್ತು ಕಚ್ಚಿ, ಅಮ್ಮನ ಕಡೆ ತಿರುಗಿ ನಗಬೇಕು. ಮೊದಲ ಟೇಕಿನಲ್ಲಿ ಮಗು ಕ್ಯಾಮೆರಾನೇ ನೋಡಿಬಿಡುತ್ತೆ. ಎರಡನೆಯದರಲ್ಲಿ ಪುಡಿ ತುಟಿಗೆ ಅಂಟುತ್ತೆ. ಆಮೇಲೆ ಲೈಟ್ ಸರಿಯಿಲ್ಲ. ಆಮೇಲೆ ಕಂಪನಿಯವರಿಗೆ ಆ ನಗು ಸಾಲದು. ಪ್ರತಿ ಟೇಕಿಗೂ ಹೊಸ ಬಿಸ್ಕತ್ತು. ಹೊಟ್ಟೆ ತುಂಬಿದ ಮೇಲೆ ಕಚ್ಚಿ ಉಗಿಯೋಕೆ ಪಕ್ಕದಲ್ಲೊಂದು ಬಕೆಟ್. ಮಗುವಿಗೆ ನಿದ್ದೆ ಎಳೀತಿರುತ್ತೆ, ಆದರೂ ನಗಬೇಕು.

ಇದು ದುಡಿಮೆನೇ. ಹೇಳಿದ ಹೊತ್ತಿಗೆ ಬರಬೇಕು, ಹೇಳಿದ ಹಾಗೆ ಮಾಡಬೇಕು, ಅದರಿಂದ ಇನ್ಯಾರದ್ದೋ ಸರಕು ಮಾರಾಟ ಆಗುತ್ತೆ. ಹೋಟೆಲಿನಲ್ಲಿ ಲೋಟ ತೊಳೆಯೋ ಹುಡುಗನ ಕಷ್ಟಕ್ಕೆ ಇದು ಸಮ ಅಂತ ನಾನು ಹೇಳಲ್ಲ. ಆದರೆ ಎಸಿ ಇದೆ, ಕಾರು ಬರುತ್ತೆ, ಚೆನ್ನಾಗಿರೋ ಬಟ್ಟೆ ಹಾಕ್ತಾರೆ ಅಂದ ಮಾತ್ರಕ್ಕೆ ಅದು ಆಟ ಆಗಲ್ಲ.

[ತೆರೆಯ ಮೇಲೆ: 1986 – 2016 – 2017]

ಕಾನೂನು ಏನನ್ನುತ್ತೆ? 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಎರಡು ವಿನಾಯಿತಿ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆ ಕಸುಬಿಗೆ ಕೈಜೋಡಿಸಬಹುದು. ಇನ್ನೊಂದು, ಸಿನಿಮಾ, ಸೀರಿಯಲ್, ಜಾಹೀರಾತು, ಕ್ರೀಡೆ. ಸರ್ಕಸ್ಸಿಗೆ ಮಾತ್ರ ಈ ವಿನಾಯಿತಿ ಇಲ್ಲ. ಅಲ್ಲಿ ಮಕ್ಕಳನ್ನು ದುಡಿಸೋದನ್ನ ನಿಷೇಧಿಸಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಕೇಂದ್ರಕ್ಕೆ ಸೂಚಿಸಿತ್ತು.

ಅಂದರೆ ನಟನೆ ಕಾನೂನಿನ ಪ್ರಕಾರ ಅಪರಾಧ ಅಲ್ಲ. ಆದರೆ ಇದೇ ಕಾಯ್ದೆಯಡಿ ಬಂದ 2017ರ ನಿಯಮಗಳನ್ನು ಓದಿ ನೋಡಿ, ಅವೆಲ್ಲ ದುಡಿಯುವವರಿಗೆ ಬರೆದ ನಿಯಮಗಳೇ. ದಿನಕ್ಕೆ 5 ಗಂಟೆ ಮೀರುವಂತಿಲ್ಲ. ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರು ಇರಬೇಕು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ಮೊದಲೇ ಅನುಮತಿ ತಗೊಳ್ಳಬೇಕು, ಮುಚ್ಚಳಿಕೆ ಬರೆದುಕೊಡಬೇಕು, ಆ ಮುಚ್ಚಳಿಕೆಗೆ ಆರು ತಿಂಗಳ ಅವಧಿ. ಮಗುವಿಗೆ ಇಷ್ಟವಿಲ್ಲ ಅಂದರೆ ಮಾಡಿಸುವಂತೆಯೇ ಇಲ್ಲ.

ಮೇಕಪ್ಪಿಗೆ ಕೂತ ಹೊತ್ತು, ಶಾಟ್ ರೆಡಿ ಆಗೋವರೆಗೆ ಕಾದ ಹೊತ್ತು, ಇವೂ ಆ 5 ಗಂಟೆಯೊಳಗೇ ಬರಬೇಕು ಅಂತ ನನ್ನ ವಾದ. ಮಗುವಿನ ದಣಿವಿಗೆ ಕ್ಯಾಮೆರಾ ಆನ್ ಆಗಿದೆಯಾ ಆಫ್ ಆಗಿದೆಯಾ ಗೊತ್ತಾಗಲ್ಲ.

ಹಾಗಾದರೆ ಮಕ್ಕಳು ನಟಿಸೋದೇ ಬೇಡವಾ? ಬೇಕು. ‘ಬೆಟ್ಟದ ಹೂವು’ ಚಿತ್ರದ ರಾಮುವನ್ನು ಮರೆಯೋಕಾಗುತ್ತಾ? ಮನೆಯ ಬಡತನಕ್ಕೆ ಬೆಟ್ಟ ಹತ್ತಿ ಹೂ ತಂದು ಮಾರುವ ಹುಡುಗ. ಆ ಪಾತ್ರಕ್ಕೆ ಪುನೀತ್ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ದೊಡ್ಡವರು ಮಾಡೋಕೆ ಆಗ್ತಿರಲಿಲ್ಲ. ದುಡಿಮೆ ಅಂತ ಒಪ್ಪಿಕೊಂಡು, ದುಡಿಯುವವರಿಗಿರುವ ರಕ್ಷಣೆಯನ್ನೆಲ್ಲ ಮಕ್ಕಳಿಗೂ ಕೊಡಿ ಅಂತಷ್ಟೇ ನಾನು ಕೇಳ್ತಿರೋದು.

[ತೆರೆಯ ಮೇಲೆ: ಜಾಕಿ ಕೂಗನ್, 1921]

ದುಡ್ಡಿನ ವಿಷಯಕ್ಕೆ ಬರೋಣ. ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದ ಜಾಕಿ ಕೂಗನ್ ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾದಾಗ ನೋಡಿದರೆ ತಾಯಿ, ಮಲತಂದೆ ಸೇರಿ ಬಹುಪಾಲು ಖರ್ಚು ಮಾಡಿಬಿಟ್ಟಿದ್ದರು. 1938ರಲ್ಲಿ ಕೋರ್ಟಿಗೆ ಹೋದ. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ದುಡ್ಡು ಕಾಯೋಕೆ ಅವನ ಹೆಸರಲ್ಲೇ ಹೆಸರಾದ ಕಾನೂನು ಬಂತು. ನಮ್ಮಲ್ಲಿ ಮಗುವಿನ ಸಂಪಾದನೆಯ ಕನಿಷ್ಠ 20 ಪರ್ಸೆಂಟ್ ಅದರ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು. ಮಗು ಒಂದು ಲಕ್ಷ ದುಡಿದರೆ 20,000 ಭದ್ರ. ಉಳಿದ 80,000? ಅದು ಹೆತ್ತವರ ಮರ್ಜಿ. ನನಗೆ ಇದು ಅನ್ಯಾಯ ಅನ್ನಿಸುತ್ತೆ.

ಇನ್ನು ರೀಲ್ಸ್. ಈ ನಿಯಮಗಳನ್ನು ಬರೆದಿದ್ದು ನಿರ್ಮಾಪಕರು, ಸೆಟ್ಟು, ಯೂನಿಟ್ಟನ್ನು ಕಣ್ಣ ಮುಂದಿಟ್ಟುಕೊಂಡು. ಅಮ್ಮನೇ ಕ್ಯಾಮೆರಾ, ಅಪ್ಪನೇ ಡೈರೆಕ್ಟರ್, ಮನೆಯೇ ಸೆಟ್ಟು ಆದರೆ ಗಂಟೆ ಎಣಿಸೋರು ಯಾರು? ಪೇಯ್ಡ್ ಪ್ರಮೋಷನ್ ಇದೆ, ಹೋಮ್‌ವರ್ಕ್ ಆಮೇಲೆ. ಫ್ರಾನ್ಸ್ 2020ರಲ್ಲೇ ಇಂಥ ಮಕ್ಕಳಿಗಾಗಿ ಕಾನೂನು ತಂತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈಯಿಂದ, ಮಗುವನ್ನು ತೋರಿಸಿ ಗಳಿಸಿದ್ದರಲ್ಲಿ ಅದರ ಪಾಲನ್ನು ಎತ್ತಿಡಲೇಬೇಕು. ನಮಗೂ ಅಂಥ ಸ್ಪಷ್ಟ ಕಾನೂನು ಬೇಕು.

ನಿಮ್ಮ ಮಗುವಿಗೆ ಆಡಿಷನ್ ಕರೆ ಬಂದರೆ ಮೊದಲು ಜಿಲ್ಲಾಧಿಕಾರಿಯ ಅನುಮತಿ ಪತ್ರ ಕೇಳಿ. ಮಗುವಿನ ಸುರಕ್ಷತೆಗೆ ಯಾರು ಹೊಣೆ ಅಂತ ಜಿಲ್ಲಾಧಿಕಾರಿಗೆ ಕೊಟ್ಟ ವಿವರದಲ್ಲಿ ಹೆಸರಿರಬೇಕು. ಎಫ್‌ಡಿ ರಸೀದಿ ಕೇಳೋಕೆ ಸಂಕೋಚ ಬೇಡ. ಎಲ್ಲಾದರೂ ಮಗುವನ್ನು ಬಲವಂತವಾಗಿ ದುಡಿಸ್ತಿರೋದು ಕಂಡರೆ, ಅದು ಸೆಟ್ಟೇ ಆಗಿರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.