ಯಾರ ಚರ್ಮ? ಎಲ್ಲಿಯ ಚರ್ಮ?

ಕೇಳುಗರಿಗೆ ನಮಸ್ಕಾರ. ಬೆಳೆಗೆ ಔಷಧಿ ಹೊಡೆಯುವವರು ನನಗೆ ಹೇಳುವ ಮಾತೊಂದಿದೆ. 'ಇದನ್ನೆಲ್ಲ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿರ್ತಾರೆ ಸಾರ್, ಮೈಗೆ ತಾಗಿದ್ರೆ ಏನೂ ಆಗಲ್ಲ.' ನಾನು ತಿರುಗಿ ಎರಡೇ ಪ್ರಶ್ನೆ ಕೇಳುತ್ತೇನೆ. ಯಾರ ಚರ್ಮ? ಎಲ್ಲಿಯ ಚರ್ಮ?

ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ ಅಂದುಕೊಳ್ಳಿ. ಹೊರಗಿನದನ್ನು ತಡೆಯುವುದು ಮುಖ್ಯವಾಗಿ ಇದೇ ಪದರ. ಕೊಬ್ಬಿನಲ್ಲಿ ಕರಗುವ ರಾಸಾಯನಿಕ ಆ ಗಾರೆಯ ಹಾದಿ ಹಿಡಿದೇ ಒಳಗೆ ನುಸುಳುತ್ತದೆ. ಆ ಗಾರೆ ಎಲ್ಲ ಪ್ರಾಣಿಗಳಲ್ಲಿ ಒಂದೇ ಥರ ಇಲ್ಲ.

ಅಮೆರಿಕದಲ್ಲಿ ನಡೆದು 1972ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಚರ್ಮಕ್ಕೆ ಹಚ್ಚಿದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನಲ್ಲಿ ಮೊಲದ ಮೈಗೆ ಇಳಿದದ್ದು ನೂರಕ್ಕೆ ಸುಮಾರು 70 ಪಾಲು. ಇಲಿಗೆ 47, ಹಂದಿಗೆ 29, ಮನುಷ್ಯನಿಗೆ 13. ನಮಗೆ ಹತ್ತಿರ ಬಂದದ್ದು ಹಂದಿ. ಅದಕ್ಕೇ ಇವತ್ತಿಗೂ ಪ್ರಯೋಗಾಲಯಗಳಲ್ಲಿ ಹಂದಿಯ ಕಿವಿಯ ಚರ್ಮ ಬಳಸುತ್ತಾರೆ.

'ನಮ್ಮ ಚರ್ಮವೇ ಗಟ್ಟಿ ಹಾಗಾದ್ರೆ' ಅಂತ ಖುಷಿಪಡಬೇಡಿ. ಎಲ್ಲಿಯ ಚರ್ಮ ಅಂತ ಇನ್ನೂ ಕೇಳಿಲ್ಲವಲ್ಲ!

ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಚರ್ಮತಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಇಷ್ಟ. ಅವರು ಹೈಡ್ರೋಕಾರ್ಟಿಸೋನ್ ಔಷಧಕ್ಕೆ ವಿಕಿರಣದ ಗುರುತು ಹಾಕಿ, ಜನರ ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿದರು. ಆಮೇಲೆ ದಿನಗಟ್ಟಲೆ ಅವರ ಮೂತ್ರ ಹಿಡಿದಿಟ್ಟು, ಎಷ್ಟು ಗುರುತು ಹೊರಬಂತು ಅಂತ ಅಳೆದರು. ಬೇಸರದ ಕೆಲಸ, ನಿಜ. ಆದರೆ ಸಿಕ್ಕಿದ್ದು ನೋಡಿ. ಮುಂಗೈಯನ್ನು 1 ಅಂತ ಹಿಡಿದರೆ, ಅಂಗಾಲಿನಲ್ಲಿ ಬರೀ 0.14. ನೆತ್ತಿಯಲ್ಲಿ ಮೂರೂವರೆ ಪಟ್ಟು. ಹಣೆಯಲ್ಲಿ 6. ದವಡೆಯ ಮೂಲೆಯಲ್ಲಿ 13. ವೃಷಣದ ಚೀಲದಲ್ಲಿ ಎಷ್ಟು ಗೊತ್ತಾ? 42 ಪಟ್ಟು! ಅದೇ ಮನುಷ್ಯ, ಅದೇ ಔಷಧ. ರೇಡಿಯೋದಲ್ಲಿ ಇಂಥ ಜಾಗದ ಹೆಸರು ಹೇಳ್ತೀರಾ ಅನ್ನಬೇಡಿ. ಹೇಳದೆ ಹೋದರೆ ನಾನು ಬಂದದ್ದು ದಂಡ.

ಯಾಕೆಂದರೆ ಬೆನ್ನಿಗೆ ಕಟ್ಟಿದ ಸ್ಪ್ರೇಯರ್ ಸೋರಿದಾಗ ಮೊದಲು ನೆನೆಯುವುದು ಸೊಂಟ, ಚಡ್ಡಿ. ನೀವು ಜೋಪಾನ ಮಾಡುವುದು ಅಂಗೈ ಒಂದನ್ನೇ, ಅಲ್ವಾ?

ಸಮಯ ಆಗ್ತಾ ಬಂತು. ಬೆವರಿ ನೆಂದ ಚರ್ಮ ಇನ್ನೂ ಜಾಸ್ತಿ ಹೀರುತ್ತದೆ ಅನ್ನುವುದನ್ನು ವಿವರಿಸಲು ಈಗ ಆಗಲ್ಲ. ಇಷ್ಟು ಮಾಡಿ ಸಾಕು. ಬಟ್ಟೆ ನೆನೆಯಿತೋ, ಕೆಲಸ ಅಲ್ಲಿಗೇ ಬಿಡಿ. ಬಟ್ಟೆ ಬಿಚ್ಚಿ ಸೋಪು ಹಚ್ಚಿ ತೊಳೆದುಕೊಳ್ಳಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ. ನಮಸ್ಕಾರ.