ಕೆಂಪು ಗುರುತಿನ ತಾಯಿ ಕಾರ್ಡ್

ಕೇಳುಗರಿಗೆ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ನೋವು ತಿನ್ನುತ್ತ ಬಂದವಳಿಗೆ ನಾನು ಮೊದಲು ಕೇಳುವ ಮಾತು, "ತಾಯಿ ಕಾರ್ಡ್ ತಂದೀಯೇನವ್ವಾ?" ಬಸುರಿಯ ತಪಾಸಣೆಗಳನ್ನೆಲ್ಲ ಬರೆದಿಡುವ ಕಾರ್ಡ್ ಅದು. ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿ, ದಿನ ತುಂಬಿದ ಮೇಲೆ ಊರಿಗೆ ಬಂದವರು ಎಷ್ಟೋ ಸಲ ಹೇಳುತ್ತಾರೆ: "ಅಲ್ಲೇ ಶೆಡ್ಡಿನಾಗ ಉಳದದ ರೀ."

ಆಗ ನನ್ನ ಎದೆ ಝಲ್ಲೆನ್ನುತ್ತದೆ. ಹುಟ್ಟುವ ಮಗು ಹೇಗಿದ್ದೀತು ಅನ್ನುವ ಸುಳಿವು ಆ ಕಾರ್ಡಿನಲ್ಲೇ ಇರುತ್ತದೆ. ರಕ್ತದ ಕೆಂಪು ಅಂಶ, ಅಂದರೆ ಹಿಮೋಗ್ಲೋಬಿನ್, 11 ಗ್ರಾಂಗಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದರ್ಥ. 7ಕ್ಕಿಂತ ಇಳಿದರೆ ತಾಯಿಗೂ ಅಪಾಯ, ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಎರಡೂವರೆ ಕಿಲೋ ದಾಟದೇ ಇರಬಹುದು. ಬಿಪಿ 140/90 ಮುಟ್ಟಿದರೆ ಮಗುವಿಗೆ ಹೋಗುವ ರಕ್ತವೇ ಕಡಿಮೆಯಾಗಬಹುದು. ಜೊತೆಗೆ ತಲೆನೋವು, ಕಣ್ಣು ಮಂಜು ಬಂದರೆ ಒಂದು ಗಳಿಗೆಯೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ, ಅವಳಿ, ಹಿಂದಿನ ಸಿಸೇರಿಯನ್, ಇವೂ ಕಾರ್ಡಿನಲ್ಲಿ ಬರೆದಿರುತ್ತವೆ.

2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇದೆ. ತೊಂದರೆ ಕಂಡವರ ಕಾರ್ಡಿಗೆ ಕೆಂಪು ಸ್ಟಿಕರ್ ಹಚ್ಚುತ್ತಾರೆ. ಅದನ್ನು ನೋಡಿ ಅತ್ತೆಯವರು ಅಪಶಕುನ ಅಂದುಕೊಳ್ಳುತ್ತಾರೆ. ಅಲ್ಲ, ಅವ್ವಾ! ರಕ್ತ, ಆಪರೇಷನ್, ಎಳೆ ಮಕ್ಕಳ ಘಟಕ ಇರುವ ಕಡೆಯೇ ಈ ಹೆರಿಗೆ ಆಗಲಿ ಎಂದು ಅದು ಹೇಳುತ್ತದೆ, ಅಷ್ಟೇ. ಹಾಗಂತ ತೊಂದರೆ ಕಾಣದೆ ಹಸಿರು ಸ್ಟಿಕರ್ ಇದ್ದವರು ಮನೆಯಲ್ಲೇ ಹೆರಬಹುದು ಅಂತಲ್ಲ. ಕೊನೆ ಗಳಿಗೆಯಲ್ಲಿ ಯಾರಿಗೂ ತೊಂದರೆ ಬರಬಹುದು.

ಅದಕ್ಕೇ ಮಗು ಹುಟ್ಟಿದ 1 ನಿಮಿಷಕ್ಕೆ, ಮತ್ತೆ 5 ನಿಮಿಷಕ್ಕೆ ಅದು ಹೇಗಿದೆ ಎಂದು ನೋಡಿ ಅಪ್ಗಾರ್ ಅಂಕ ಹಾಕುತ್ತೇವೆ. ಅಮೆರಿಕದ ಡಾಕ್ಟರ್ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ಲೆಕ್ಕವಿದು. ಮೈಬಣ್ಣ, ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಮುಟ್ಟಿದರೆ ಸ್ಪಂದನೆ, ಒಂದೊಂದಕ್ಕೆ ಹೆಚ್ಚೆಂದರೆ 2ರಂತೆ ಒಟ್ಟು 10. ಮಗು ಅಳದಿದ್ದರೆ ಅಂಕಕ್ಕೆ ಕಾಯುವುದಿಲ್ಲ, ಒರೆಸಿ ಬೆಚ್ಚಗಿಟ್ಟು, ಬೇಕಾದರೆ ತಕ್ಷಣ ಮಾಸ್ಕ್ ಹಾಕಿ ಉಸಿರು ಕೊಡುತ್ತೇವೆ. ಅಂಕ ಕಡಿಮೆ ಬಂತೆಂದು ಮಗು ಮುಂದೆ ದಡ್ಡ ಆಗುತ್ತದೆ ಅನ್ನಬೇಡಿ.

ಹೋದ ಮಳೆಗಾಲದಲ್ಲಿ ಒಬ್ಬಳು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು. ಮೈಯೆಲ್ಲ ತೊಯ್ದಿತ್ತು, ಕಾರ್ಡ್ ಒಣಗಿತ್ತು. ಬಿಪಿ ಮೂರು ತಿಂಗಳಿಂದ ಏರುತ್ತಿದ್ದದ್ದು ಒಂದೇ ನೋಟಕ್ಕೆ ಗೊತ್ತಾಯಿತು. ಮಕ್ಕಳ ಡಾಕ್ಟರನ್ನು ಮೊದಲೇ ಕರೆಸಿದೆವು. 1 ಕಿಲೋ 900 ಗ್ರಾಂ ಹೆಣ್ಣು ಕೂಸು, ಅವ್ವನ ಎದೆಗೆ ಅಂಟಿಕೊಂಡೇ ಬೆಳೆಯಿತು.