ಹಳೆಯ ಮನೆಯಲ್ಲಿ ಒಂದು ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

34 ವರ್ಷ ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಕೋಟೆ, ಯುದ್ಧ, ಒಪ್ಪಂದ, ಇಸವಿ ಎಲ್ಲ ಹೇಳಿಕೊಟ್ಟೆ. ಆದರೆ ಆ ಕಾಲದ ಜನ ಎಲ್ಲಿ ಕೂತು ಉಣ್ಣುತ್ತಿದ್ದರು, ದಾರಿ ನಡೆದು ಬಂದವನಿಗೆ ಏನು ಕುಡಿಯಲು ಕೊಡುತ್ತಿದ್ದರು ಅನ್ನುವುದನ್ನು ಒಂದು ದಿನವೂ ಹೇಳಿದ ನೆನಪಿಲ್ಲ. ಅದು ನನ್ನ ತಲೆಗೆ ಬಂದದ್ದು ನಿವೃತ್ತಿಯಾದ ಮೇಲೆ, ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗನ ಮನೆಯಲ್ಲಿ ಆರು ತಿಂಗಳು ಇದ್ದಾಗ. ಅಲ್ಲಿ ನಾನು ನೋಡಿದ ಹಳೆಯ ಪಬ್ಬುಗಳ, ಹಳೆಯ ಮನೆಗಳ, ಅಲ್ಲಿ ಉಂಡದ್ದು ಕುಡಿದದ್ದರ ಮಾತು ಇವತ್ತು ನಿಮ್ಮ ಮುಂದೆ.

ಪಬ್ ಅಂದರೆ ನಮ್ಮ ಕಡೆ ಮನಸ್ಸಿಗೆ ಬರುವುದೇ ಬೇರೆ. ಮಂದ ಬೆಳಕು, ಎದೆ ನಡುಗಿಸುವ ಸಂಗೀತ, ಹುಡುಗರು. ಸೊಸೆ ಮೊದಲ ಸಲ ‘ಅತ್ತೆ, ಮಧ್ಯಾಹ್ನದ ಊಟಕ್ಕೆ ಪಬ್ಬಿಗೆ ಹೋಗೋಣ’ ಅಂದಾಗ ನಾನು ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತೆ. ಹೋಗಿ ನೋಡಿದರೆ ಅಲ್ಲಿ ನನ್ನ ವಯಸ್ಸಿನ ಹೆಂಗಸರು ಅಗ್ಗಿಷ್ಟಿಕೆಯ ಪಕ್ಕ ಕೂತಿದ್ದಾರೆ, ಮೇಜಿನ ಕೆಳಗೆ ನಾಯಿ ಮಲಗಿದೆ, ಒಂದು ಮಗು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದೆ. ಸಂಗೀತವೇ ಇಲ್ಲ. ಮಾತು, ಬೆಂಕಿಯ ಚಟಚಟ, ಅಷ್ಟೆ.

ಪಬ್ ಅನ್ನುವುದು ಪಬ್ಲಿಕ್ ಹೌಸ್ ಎಂಬ ಮಾತಿನ ಮೊಟಕು. ಆ ಹೆಸರಿನಲ್ಲೇ ಮನೆ ಇದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಏಲ್, ಅಂದರೆ ಒಂದು ಬಗೆಯ ಬಿಯರ್, ತಯಾರಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ, ಹುದುಗು ಬರಿಸುವುದು ಅಡುಗೆಮನೆಯ ಕೆಲಸವೇ ಆಗಿತ್ತು. ಮನೆಗೆ ಬೇಕಾದ್ದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮಾರುತ್ತಿದ್ದರು. ಹೊಸ ಏಲ್ ಹದಕ್ಕೆ ಬಂದ ದಿನ ಬಾಗಿಲ ಮುಂದೆ ಒಂದು ಗಳು ಕಟ್ಟಿ, ಅದರ ತುದಿಗೆ ಸೊಪ್ಪಿನ ಕಂತೆ ತೂಗುಬಿಡುತ್ತಿದ್ದರು. ನಾವು ಹಬ್ಬದ ಮನೆಗೆ ತೋರಣ ಕಟ್ಟಿದ ಹಾಗೆ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. 1393ರಲ್ಲಿ ಎರಡನೇ ರಿಚರ್ಡ್ ದೊರೆ, ಏಲ್ ಮಾರುವವರೆಲ್ಲ ಬಾಗಿಲಿಗೆ ಗುರುತು ಹಾಕಲೇಬೇಕು ಎಂದು ಕಟ್ಟಳೆ ಮಾಡಿದ. ಅವನ ಸ್ವಂತ ಲಾಂಛನ ಬಿಳಿ ಜಿಂಕೆ. ವೈಟ್ ಹಾರ್ಟ್ ಎಂಬ ಹೆಸರಿನ ಪಬ್ಬುಗಳು ಇವತ್ತಿಗೂ ಆ ನಾಡಿನ ತುಂಬ ಇವೆ.

ನನಗೆ ಮರೆಯಲಾಗದ್ದು ಲಂಡನ್ನಿನ ಸದಕ್ ಎಂಬ ಭಾಗದ ಜಾರ್ಜ್ ಇನ್. ಇನ್ ಅಂದರೆ ನಮ್ಮ ಛತ್ರ ಅಂದುಕೊಳ್ಳಿ, ಕಾಸು ಕೊಟ್ಟು ಇಳಿದುಕೊಳ್ಳುವ ಛತ್ರ. ದೊಡ್ಡ ರಸ್ತೆಯಿಂದ ಒಂದು ಓಣಿಯೊಳಗೆ ತಿರುಗಿದರೆ ಕಲ್ಲು ಹಾಸಿದ ಅಂಗಳ. ಅಂಗಳದ ಒಂದು ಬದಿಗೆ ಮರದ ಕಟಕಟೆಯ ಮೊಗಸಾಲೆ, ಒಂದರ ಮೇಲೊಂದು. ನೋಡಿದ ಕೂಡಲೆ ನನಗೆ ನಮ್ಮ ತಾತನ ತೊಟ್ಟಿ ಮನೆ ಕಣ್ಣಿಗೆ ಕಟ್ಟಿತು. ಈಗಿರುವ ಕಟ್ಟಡ 1677ರದು. ಅದರ ಹಿಂದಿನ ವರ್ಷ ಸದಕ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಹಳೆಯದು ಸುಟ್ಟುಹೋಯಿತು, ಇದನ್ನು ಮತ್ತೆ ಕಟ್ಟಿದರು. ಮೊದಲು ಅಂಗಳದ ಸುತ್ತ ಮೊಗಸಾಲೆ ಇತ್ತಂತೆ. 1889ರಲ್ಲಿ ರೈಲ್ವೆ ಕಂಪನಿ ಎರಡು ಬದಿಯನ್ನು ಕೆಡವಿತು. ಉಳಿದದ್ದು ಒಂದು ಬದಿ. ಲಂಡನ್ನಿನಲ್ಲಿ ಈ ಬಗೆಯ ಛತ್ರ ಈಗ ಇದೊಂದೇ. 1937ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ.

ಆ ಬೀದಿಯಲ್ಲಿ ಅಷ್ಟೊಂದು ಛತ್ರಗಳು ಯಾಕಿದ್ದವು? ನೂರಾರು ವರ್ಷ ಲಂಡನ್ ಪಟ್ಟಣಕ್ಕೆ ಇದ್ದದ್ದು ಒಂದೇ ಸೇತುವೆ. ರಾತ್ರಿ ಅದರ ಬಾಗಿಲು ಮುಚ್ಚುತ್ತಿತ್ತು. ಹೊತ್ತು ಮೀರಿ ಬಂದವರು ನದಿಯ ಈಚೆ ದಡದಲ್ಲೇ ತಂಗಬೇಕು. ಕ್ಯಾಂಟರ್ಬರಿಗೆ ಹೊರಟ ಯಾತ್ರಿಕರು ಗುಂಪು ಕೂಡುತ್ತಿದ್ದದ್ದೂ ಇಲ್ಲೇ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ದಾರಿಯ ಛತ್ರದಲ್ಲಿ ಬುತ್ತಿ ಬಿಚ್ಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಕುದುರೆ ಸಾರೋಟುಗಳ ಕಾಲ ಬಂತು. ಅಂಗಳದಲ್ಲಿ ಕುದುರೆ ಬದಲಿಸುವುದು, ಪ್ರಯಾಣಿಕರು ಇಳಿದು ಬಿಸಿಯಾಗಿ ಏನಾದರೂ ತಿನ್ನುವುದು. ಅಂಗಳದಲ್ಲಿ ನಾಟಕವೂ ನಡೆಯುತ್ತಿತ್ತು. ಮೊಗಸಾಲೆಯೇ ನೋಡುವವರ ಜಾಗ.

ನಾವು ಹೋದ ದಿನ ಸಣ್ಣಗೆ ಮಳೆ. ಒಳಗೆ ಒಂದಕ್ಕೊಂದು ಸೇರಿಕೊಂಡ ತಗ್ಗು ಚಾವಣಿಯ ಕೋಣೆಗಳು. ಹಲಗೆಯ ನೆಲ ಒಂದು ಕಡೆಗೆ ವಾಲಿದೆ. ನಮ್ಮ ಯಜಮಾನರು ಎತ್ತರದ ಮನುಷ್ಯ, ತೊಲೆಗೆ ತಲೆ ತಾಗದಂತೆ ಬಗ್ಗಿಯೇ ನಡೆದರು. ನಾನು ದನದ ಮಾಂಸ ತಿನ್ನುವವಳಲ್ಲ, ಕೋಳಿ ಮತ್ತು ಲೀಕ್ ತುಂಬಿದ ಪೈ ತರಿಸಿದೆವು. ಲೀಕ್ ಅಂದರೆ ಈರುಳ್ಳಿಯ ಜಾತಿಯದೇ, ಉದ್ದನೆಯ ದಂಟು. ಪೈ ಮೇಲಿನ ಕಣಕದ ಮುಚ್ಚಳವನ್ನು ಚಮಚದಿಂದ ಒಡೆದರೆ ಒಳಗಿಂದ ಹಬೆ ಏಳುತ್ತದೆ. ಖಾರವಿಲ್ಲ, ಹುಳಿಯಿಲ್ಲ. ಮೊದಲ ತುತ್ತಿಗೆ ಸಪ್ಪೆ ಅನ್ನಿಸಿತು. ನಾಲ್ಕನೇ ತುತ್ತಿಗೆ ಬೆಣ್ಣೆ, ಮೆಣಸು, ಬೆಂದ ದಂಟಿನ ಸಿಹಿ ಬೇರೆಬೇರೆಯಾಗಿ ತಿಳಿಯತೊಡಗಿದವು. ಆ ಚಳಿಗೆ, ಆ ಒದ್ದೆ ಕಾಲಿಗೆ ಅದೇ ಸರಿಯಾದ ಊಟ. ನೆನೆದು ಬಂದ ಸಾರೋಟಿನವನಿಗೂ ಅದು ಹಾಗೇ ಅನ್ನಿಸಿರಬೇಕು ಎಂದುಕೊಂಡೆ. ಅಷ್ಟು ವರ್ಷ ಪಾಠ ಮಾಡಿದರೂ ಹದಿನೇಳನೇ ಶತಮಾನ ನನ್ನ ಮೈಗೆ ತಾಗಿದ್ದು ಆವತ್ತು.

ಇನ್ನು ಕುಡಿಯುವುದರ ಮಾತು. ಮುಚ್ಚಿಡುವುದೇನಿಲ್ಲ, ನಾನು ಅರ್ಧ ಪಿಂಟ್ ಏಲ್ ಕುಡಿದೆ. ಪಿಂಟ್ ಅಂದರೆ 568 ಮಿಲಿಲೀಟರ್, ಅದರ ಅರ್ಧ. ಇದು ಬಾಟಲಿಯ ನೊರೆ ಬಿಯರಲ್ಲ. ಪೀಪಾಯಿಯೊಳಗೇ ಎರಡನೇ ಸಲ ಹುದುಗುತ್ತಾ ಇರುವ, ಇನ್ನೂ ಜೀವ ಇರುವ ಪಾನೀಯ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ತಂಪಿನಲ್ಲಿ ಪೀಪಾಯಿ ಮಲಗಿರುತ್ತದೆ. ಗಸಿ ಕೆಳಗೆ ಕೂರುವವರೆಗೆ ಅದನ್ನು ಅಲ್ಲಾಡಿಸುವಂತಿಲ್ಲ. ಕಟ್ಟೆಯ ಹಿಂದೆ ನಿಂತವರು ಉದ್ದನೆಯ ಹಿಡಿಯನ್ನು ಕೈಯಲ್ಲಿ ಜಗ್ಗಿ ಜಗ್ಗಿ ಮೇಲಕ್ಕೆ ಎಳೆಯುತ್ತಾರೆ, ನಮ್ಮ ಬೋರಿನ ಕೈಪಂಪಿನ ಹಾಗೆ. ಸಾಮಾನ್ಯವಾದ ಪೀಪಾಯಿಯಲ್ಲಿ 72 ಪಿಂಟ್ ಇರುತ್ತದೆ. ಒಮ್ಮೆ ತೆರೆದರೆ ಮೂರು ದಿನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿ ತಿರುಗುತ್ತದೆ. ದೋಸೆ ಹಿಟ್ಟಿನ ಹದ ಕಾಯುವ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಂದರೆ ಒಳ್ಳೆಯ ಏಲ್ ಬೇಕಾದರೆ ದಿನವೂ ನಾಲ್ಕು ಜನ ಬಂದು ಕುಡಿಯಬೇಕು. ಜನ ಬಾರದ ಮನೆಯಲ್ಲಿ ಅದು ಕೆಟ್ಟುಹೋಗುತ್ತದೆ.

ಕೆಡಲು ಬಿಡದ ಹಟ ಹಿಡಿದವರೂ ಇದ್ದಾರೆ. ದೊಡ್ಡ ಕಂಪನಿಗಳು ಅನಿಲ ತುಂಬಿದ ಉಕ್ಕಿನ ಪೀಪಾಯಿಯ ಬಿಯರನ್ನೇ ಎಲ್ಲ ಕಡೆ ನೂಕುತ್ತಿದ್ದಾಗ, 1971ರಲ್ಲಿ ನಾಲ್ಕು ಜನ ಯುವಕರು ಸೇರಿ ಒಂದು ಚಳವಳಿ ಕಟ್ಟಿದರು. ಕ್ಯಾಮ್ರಾ ಅಂತ ಅದರ ಹೆಸರು. ಅವರು ಬರೀ ಏಲ್ ಉಳಿಸಲಿಲ್ಲ. ಯಾವ ಪಬ್ಬಿನಲ್ಲಿ ಹಳೆಯ ಕಟ್ಟೆ, ಹಳೆಯ ಬೆಂಚು, ಬಣ್ಣದ ಗಾಜು, ಹೆಂಚಿನ ಗೋಡೆ ಇದ್ದ ಹಾಗೇ ಇವೆ ಎಂದು ಊರೂರು ತಿರುಗಿ ಪಟ್ಟಿ ಮಾಡಿದರು. ಒಂದು ಕುಡಿಯುವ ಪದಾರ್ಥದ ಪ್ರೀತಿ ಕಟ್ಟಡದ ಪ್ರೀತಿಯಾಗಿ ಬೆಳೆದದ್ದು ನನಗೆ ಬಹಳ ಹಿಡಿಸಿತು.

ಚರಿತ್ರೆಯ ಮೇಷ್ಟ್ರಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಗೋಡೆಯ ಮೇಲೆ ಬರೆದ ಇಸವಿಯನ್ನೆಲ್ಲ ನಂಬಬೇಡಿ. ನಾಟಿಂಗ್‌ಹ್ಯಾಮಿನಲ್ಲಿ ಕೋಟೆಯ ಬಂಡೆಗೆ ಅಂಟಿಕೊಂಡ ಒಂದು ಪಬ್ ಇದೆ, ಟ್ರಿಪ್ ಟು ಜೆರೂಸಲೆಮ್ ಅಂತ. ಗೋಡೆಯ ಮೇಲೆ 1189 ಎಂದು ದೊಡ್ಡದಾಗಿ ಬರೆದಿದ್ದಾರೆ. ಕಟ್ಟಡ ಅಷ್ಟು ಹಳೆಯದಲ್ಲ. ಆದರೆ ಅದರ ಹಿಂದಿನ ಕೋಣೆಗಳು ನಿಜವಾಗಿಯೂ ಮರಳುಗಲ್ಲಿನ ಗುಹೆಗಳು. ಆ ಗುಹೆಯೊಳಗೆ ಕೂತು ರೊಟ್ಟಿ, ಚೀಸ್, ಉಪ್ಪಿನಕಾಯಿ ಹಾಕಿದ ಈರುಳ್ಳಿ ತಿನ್ನುವಾಗ ಆ ತಂಪನ್ನು ಯಾವ ಇಸವಿಯಿಂದಲೂ ಅಳೆಯಬೇಕಾಗಿಲ್ಲ. ಕೇಂಬ್ರಿಜ್‌ನ ಈಗಲ್ ಪಬ್ಬಿನಲ್ಲಂತೂ ದಾಖಲೆ ಚಾವಣಿಯ ಮೇಲೇ ಇದೆ. ಎರಡನೇ ಮಹಾಯುದ್ಧದ ವಿಮಾನ ಸೈನಿಕರು ಮೇಣದ ಬತ್ತಿ, ಲೈಟರಿನ ಹೊಗೆಯಿಂದ ತಮ್ಮ ಹೆಸರು, ಪಡೆಯ ಸಂಖ್ಯೆ ಬರೆದು ಹೋಗಿದ್ದಾರೆ. ಅವರಲ್ಲಿ ಎಷ್ಟೋ ಜನ ಮರಳಿ ಬರಲಿಲ್ಲ. ಆ ಚಾವಣಿಯ ಕೆಳಗೆ ತಿಂದ ಊಟ ಏನು ಎಂದು ಕೇಳಿದರೆ ನನಗೆ ನೆನಪಿಲ್ಲ, ನಾನು ಕತ್ತೆತ್ತಿಕೊಂಡೇ ಇದ್ದೆ.

ಮಗನ ಮನೆಯಿಂದ ಸ್ಮೆಥಿಕ್, ವೆಸ್ಟ್ ಬ್ರಾಮಿಚ್ ಹತ್ತಿರ. ಒಂದು ಕಾಲಕ್ಕೆ ಎರಕದ ಕಾರ್ಖಾನೆಗಳ ಊರುಗಳು. ಐವತ್ತು ಅರವತ್ತರ ದಶಕದಲ್ಲಿ ಪಂಜಾಬಿನಿಂದ ಬಂದ ಗಂಡಸರು ಆ ಕುಲುಮೆಗಳಲ್ಲಿ ದುಡಿದರು. ದಿನವಿಡೀ ಬೆಂಕಿಯ ಮುಂದೆ ನಿಂತು, ಸಂಜೆ ಗಂಟಲು ಆರಿ ಪಬ್ಬಿಗೆ ಹೋದರೆ ಕೆಲವು ಕಡೆ ಒಳಗೇ ಬಿಡುತ್ತಿರಲಿಲ್ಲ. ಕೆಲವು ಕಡೆ ಒಂದು ಕೋಣೆಯಲ್ಲಿ ಬಿಟ್ಟರೆ ಇನ್ನೊಂದರಲ್ಲಿ ಬಿಡುತ್ತಿರಲಿಲ್ಲ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾಲ್ಕಂ ಎಕ್ಸ್ 1965ರ ಫೆಬ್ರವರಿಯಲ್ಲಿ ಸ್ಮೆಥಿಕ್‌ಗೆ ಬಂದು ಇದನ್ನು ಕಣ್ಣಾರೆ ಕಂಡರು. ಅದಾದ ಒಂಬತ್ತು ದಿನಕ್ಕೆ ಅವರ ಕೊಲೆಯಾಯಿತು. ಅದೇ ವರ್ಷ, ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಜನರನ್ನು ಹೊರಗಿಡುವುದು ತಪ್ಪು ಎಂದು ಬ್ರಿಟನ್ನಿನಲ್ಲಿ ಕಾನೂನು ಬಂತು. ಹೋಟೆಲಿನಲ್ಲಿ ಬೇರೆ ಲೋಟ ಇಡುವ ಊರುಗಳನ್ನು ಕಂಡ ನನಗೆ ಆ ಮಾತು ಕೇಳಿ ಮೈ ಬಿಸಿಯಾಯಿತು.

ಈಗ ಅದೇ ಊರುಗಳಲ್ಲಿ ಎಷ್ಟೋ ಹಳೆಯ ಪಬ್ಬುಗಳನ್ನು ನಡೆಸುತ್ತಿರುವವರು ಪಂಜಾಬಿ ಮನೆತನದವರೇ. ದೇಸಿ ಪಬ್ ಅಂತಲೇ ಕರೆಯುತ್ತಾರೆ. ಕಾರ್ಖಾನೆ ಮುಚ್ಚಿ, ಗಿರಾಕಿ ಕಡಿಮೆಯಾಗಿ, ಬಾಗಿಲು ಹಾಕಲಿದ್ದ ಮನೆಗಳನ್ನು ಅವರು ಹಿಡಿದು ನಿಲ್ಲಿಸಿದರು. ಕಟ್ಟೆಯ ಮೇಲೆ ಅದೇ ಕೈಪಂಪು, ಹಿಂದಿನ ಅಡುಗೆಮನೆಯಲ್ಲಿ ತಂದೂರು. ಕಾದ ಕಬ್ಬಿಣದ ತಟ್ಟೆಯಲ್ಲಿ ಈರುಳ್ಳಿಯ ಹಾಸಿಗೆ, ಅದರ ಮೇಲೆ ಕೋಳಿ ಟಿಕ್ಕಾ, ಸೀಖ್ ಕಬಾಬು, ಕುರಿಯ ಚಾಪು. ಚುರ್ ಎನ್ನುತ್ತಾ ಅದು ಮೇಜಿಗೆ ಬರುವಾಗ ಇಡೀ ಕೋಣೆ ತಿರುಗಿ ನೋಡುತ್ತದೆ. ಮಿಕ್ಸೆಡ್ ಗ್ರಿಲ್ ಅಂತ ಹೆಸರು. ಪಕ್ಕದ ಮೇಜಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದ ಬಿಳಿಯ ಮುದುಕರು ನಾನ್ ರೊಟ್ಟಿಯನ್ನು ಹರಿದು ಬೆರಳು ಚೀಪುತ್ತಿದ್ದರು. ವೆಸ್ಟ್ ಬ್ರಾಮಿಚ್‌ನ ರೆಡ್ ಲಯನ್ ಪಬ್ಬಿನಲ್ಲಿ ಬಣ್ಣದ ಗಾಜಿನ ಕಿಟಕಿ ಇದೆ. ಭಾರತದಿಂದ ಅಲ್ಲಿಗೆ ಬಂದವರ ಕಥೆಯನ್ನೇ ಅದರಲ್ಲಿ ಕೂರಿಸಿದ್ದಾರೆ. ಚರ್ಚಿನಲ್ಲಿ ಸಂತರಿಗೆ ಸಿಗುವ ಜಾಗ ಅಲ್ಲಿ ಕೂಲಿಯವರಿಗೆ ಸಿಕ್ಕಿದೆ. ನಾನು ಇಂಗ್ಲೆಂಡಿನಲ್ಲಿ ಉಂಡ ಊಟಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಆ ಸಂಜೆಯದು.

ಹಿಂದಿರುಗುವ ಹದಿನೈದು ದಿನ ಮುಂಚೆ ವೇಲ್ಸ್ ನಾಡಿನ ಪೋವಿಸ್ ಕೋಟೆಗೆ ಹೋದೆವು. ಬರ್ಮಿಂಗ್‌ಹ್ಯಾಮಿನಿಂದ ವೆಲ್ಷ್‌ಪೂಲ್‌ಗೆ ನೇರ ರೈಲು. ಬಂಡೆಯ ಮೇಲೆ ಕೆಂಪು ಕಲ್ಲಿನ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಅಂಗಳದಲ್ಲಿ ನವಿಲು. ಈ ಮನೆಯ ಹೆಣ್ಣುಮಗಳು ಹೆನ್ರಿಯೆಟಾ, ರಾಬರ್ಟ್ ಕ್ಲೈವನ ಮಗ ಎಡ್ವರ್ಡನನ್ನು ಮದುವೆಯಾದವಳು. 1799ರ ಮೇ 4ರಂದು ನಮ್ಮ ಕೋಟೆ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಆ ಎಡ್ವರ್ಡ್. ಮರುವರ್ಷ ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಶ್ರೀರಂಗಪಟ್ಟಣಕ್ಕೇ ಬಂದು ಹೋದಳು. ಪೋವಿಸ್‌ನಲ್ಲಿ ಟಿಪ್ಪುವಿನ ಸಿಂಹಾಸನದ ಹುಲಿತಲೆ ಇದೆ, ಹರಳು ಕೂರಿಸಿದ ಚಿನ್ನದ್ದು, ಅಂಗೈಯಲ್ಲಿ ಹಿಡಿಯುವಷ್ಟು. ಆ ಸಿಂಹಾಸನವನ್ನು ಕತ್ತರಿಸಿ ಹಂಚಿಕೊಂಡರು ಎಂದು ಪ್ರತಿವರ್ಷ ಹತ್ತನೇ ತರಗತಿಗೆ ಹೇಳುತ್ತಿದ್ದವಳು ನಾನು. ಅದರ ಪಕ್ಕ ಅವನ ಗುಡಾರ. ಬಿಳಿ ಬಟ್ಟೆಯ ಮೇಲೆ ಹೂವಿನ ಅಚ್ಚು, ಬಣ್ಣ ಇನ್ನೂ ಮಾಸಿಲ್ಲ. ಈ ಗುಡಾರವನ್ನು ಮುಂದೆ ಆ ಮನೆಯವರು ತೋಟದ ಔತಣಗಳಿಗೆ ಎತ್ತುತ್ತಿದ್ದರು. ಅದರ ನೆರಳಿನಲ್ಲಿ ಅತಿಥಿಗಳು ತಿಂದು ಕುಡಿದರು.

ನಾವು ಹೊರಗೆ ಬಂದು ಅಂಗಳದ ಟೀ ಅಂಗಡಿಯಲ್ಲಿ ಕೂತೆವು. ಸ್ಕೋನ್ ಎಂಬ ಬಿಸಿ ಸಣ್ಣ ಬನ್ನು, ಗಟ್ಟಿ ಕೆನೆ, ಸ್ಟ್ರಾಬೆರಿ ಜಾಮು, ಒಂದು ಕೆಟಲ್ ಚಹಾ. ಡೆವನ್ ಸೀಮೆಯವರು ಮೊದಲು ಕೆನೆ ಸವರುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮು ಎಂದು ಮೊಮ್ಮಗಳು ನನಗೆ ಕಲಿಸಿದಳು. ಸ್ಕೋನ್ ಚೆನ್ನಾಗಿತ್ತು. ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿತ್ತು. ಗಂಟಲಲ್ಲಿ ಇಳಿಯಲಿಲ್ಲ ಅನ್ನುವುದೂ ಅಷ್ಟೇ ನಿಜ. ನಮ್ಮ ಯಜಮಾನರು ಏನೂ ಮಾತಾಡದೆ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು. ಮೊಮ್ಮಗಳು ಕೇಳಿದಳು, ‘ಅಜ್ಜಿ, ಆ ರಾಜನ ಮನೆ ನಿಮ್ಮೂರಲ್ಲಿ ಇನ್ನೂ ಇದೆಯಾ? ಅಲ್ಲೂ ಹೀಗೆ ತಿಂಡಿ ಕೊಡ್ತಾರಾ?’

ಮುಂದಿನ ಡಿಸೆಂಬರಿನಲ್ಲಿ ಅವಳು ಊರಿಗೆ ಬಂದಳು. ರಂಗನಾಥಸ್ವಾಮಿ ದೇವಸ್ಥಾನದ ಎದುರಿಗೆ ಲಾಲ್ ಮಹಲ್ ಇದ್ದ ಜಾಗಕ್ಕೆ ಕರೆದುಕೊಂಡು ಹೋದೆ. ಅಡಿಪಾಯದ ಕಲ್ಲುಗಳು ಮಾತ್ರ ಇವೆ, ಸುತ್ತ ಹುಲ್ಲು. ಇದು ದರ್ಬಾರ್ ಇರಬಹುದು, ಇಲ್ಲಿ ಅಡುಗೆ ಬೇಯುತ್ತಿದ್ದಿರಬಹುದು ಎಂದು ಅವಳೇ ಹೆಜ್ಜೆ ಹಾಕಿ ಅಳೆದಳು. ಹೊರಗೆ ಮರದ ನೆರಳಿನಲ್ಲಿ ಕೂತು, ದೇವಸ್ಥಾನದಿಂದ ತಂದ ಪುಳಿಯೋಗರೆಯ ಪೊಟ್ಟಣ ಬಿಚ್ಚಿದೆವು. ಎಲೆಯ ಮೇಲಿನ ಕಡಲೆಕಾಯಿ ಬೀಜಗಳನ್ನೆಲ್ಲ ಅವಳು ಆರಿಸಿ ತಿಂದಳು. ಅನ್ನ ನನಗೆ ಉಳಿಯಿತು.

ನಮಸ್ಕಾರ.